ನಾಯಿಗಳಲ್ಲಿ ಮಯಾಸ್ಥೇನಿಯಾ ಗ್ರೇವಿಸ್: ಬಾಗಲಕೋಟೆ ಕಡೆಯ ಪಶುವೈದ್ಯರ ಓಪಿಡಿಗೊಂದು (ಹೊರರೋಗಿ ವಿಭಾಗ) ಟಿಪ್ಪಣಿ

ಸ್ನಾಯುಗಳು ಬೇಗ ದಣಿದು ಸೋಲುವ ರೋಗವಾದ ಮಯಾಸ್ಥೇನಿಯಾ ಗ್ರೇವಿಸ್ ತಿಳಿಯಬೇಕಾದರೆ ಮೊದಲು ಕಬ್ಬಿನ ಹೊಲದ ನಾಗರಹಾವನ್ನು ನೆನೆಸಿಕೊಳ್ಳಿ. ನಾಗರ ಕಚ್ಚಿದ ನಾಯಿಯ ರೆಪ್ಪೆ ಜೋತುಬೀಳುತ್ತದೆ, ಕಾಲು ಸೋಲುತ್ತವೆ, ಕಡೆಗೆ ಉಸಿರು ನಿಲ್ಲುತ್ತದೆ. ನರದ ತುದಿಯಿಂದ ಬಿಡುಗಡೆಯಾದ ಅಸಿಟೈಲ್‌ಕೋಲೀನ್ ಎಂಬ ಸಂಕೇತ ರಾಸಾಯನಿಕ, ಅದನ್ನು ಹಿಡಿಯಲೆಂದೇ ಸ್ನಾಯುವಿನ ಮೇಲಿರುವ ರಿಸೆಪ್ಟರ್‌ಗೆ ಅಂಟಿದರೆ ಮಾತ್ರ ಸ್ನಾಯು ಕುಗ್ಗುವುದು. ವಿಷ ಆ ಜಾಗವನ್ನೇ ಹಿಡಿದು ಕೂರುತ್ತದೆ. ನಮ್ಮ ರೋಗದಲ್ಲಿ ಹಾವಿಲ್ಲ. ನಾಯಿಯ ದೇಹವೇ ತಯಾರಿಸಿದ ಪ್ರತಿಕಾಯಗಳು ಅದೇ ರಿಸೆಪ್ಟರ್‌ಗಳ ಮೇಲೆ ಬೀಳುತ್ತವೆ: ಕೆಲವನ್ನು ಮುಚ್ಚುತ್ತವೆ, ಹೆಚ್ಚಿನವನ್ನು ಜೋಡಿಜೋಡಿಯಾಗಿ ಹೆಣೆದು ಜೀವಕೋಶದ ಒಳಗೆ ಎಳೆಸಿ ನಾಶಮಾಡಿಸುತ್ತವೆ, ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನುಗಳನ್ನು ಕರೆದು ಪೊರೆಯನ್ನೂ ಕೆಡಿಸುತ್ತವೆ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ಸಂಶೋಧಕರು ವಿದ್ಯುತ್ ಮೀನಿನಿಂದ ತೆಗೆದ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿದಾಗ ಮೊಲಗಳು ಪ್ರತಿಕಾಯ ಬೆಳೆಸಿಕೊಂಡು ನಿಶ್ಶಕ್ತವಾದವು. ರೋಗದ ಮೂಲ ಬಯಲಾದದ್ದು ಹಾಗೆ.

ನಾಯಿ ದಣಿದಾಗಲೇ ಏಕೆ ಬೀಳುತ್ತದೆ? ಆರೋಗ್ಯವಂತ ನಾಯಿಯಲ್ಲೂ ಸಂಕೇತ ಮೇಲಿಂದ ಮೇಲೆ ಬಂದಂತೆ ಪ್ರತಿ ಸಲ ಬಿಡುಗಡೆಯಾಗುವ ಅಸಿಟೈಲ್‌ಕೋಲೀನ್ ಕಡಿಮೆಯಾಗುತ್ತ ಹೋಗುತ್ತದೆ. ರಿಸೆಪ್ಟರ್‌ಗಳು ಬೇಕಾದದ್ದಕ್ಕಿಂತ ಹೆಚ್ಚಿರುವುದರಿಂದ ಅದು ಗೊತ್ತಾಗುವುದಿಲ್ಲ. ಇಲ್ಲಿ ಆ ಹೆಚ್ಚುವರಿಯೇ ಇಲ್ಲ. ಮಾಲೀಕರ ಮಾತಿನಲ್ಲಿ ಪಾಠವೆಲ್ಲ ಅಡಗಿದೆ: "ಓಡಾಕ ಬಿಟ್ರ ಹಿಂದಿನ ಕಾಲ ಮಡಚಿ ಕುಂದರತೈತ್ರಿ ಸರ, ಸ್ವಲ್ಪ ಹೊತ್ತು ಬಿಟ್ಟು ಮತ್ತ ಎದ್ದು ಓಡತೈತ್ರಿ." ಹೆಜ್ಜೆ ಗಿಡ್ಡವಾಗುವುದು, ಬೀಳುವುದು, ವಿಶ್ರಾಂತಿ ಸಿಕ್ಕ ಮೇಲೆ ಏಳುವುದು. ಪ್ರಜ್ಞೆ ಚೆನ್ನಾಗಿರುತ್ತದೆ, ಮೊಣಕಾಲಿನ ರಿಫ್ಲೆಕ್ಸ್ ಸಾಮಾನ್ಯವಾಗಿ ಇರುತ್ತದೆ. ಕಣ್ಣಿನ ಮೂಲೆಯನ್ನು ಬೆರಳಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿ. ಮೊದಮೊದಲು ಪಟಪಟನೆ ಮಿಟುಕಿಸಿದ ರೆಪ್ಪೆ ಬರಬರುತ್ತ ಸುಮ್ಮನಾದರೆ ಅನುಮಾನ ಗಟ್ಟಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡುವವರೇ ಕಡಿಮೆ.

ರೋಗ ಎರಡು ವಯಸ್ಸಿನಲ್ಲಿ ಹೆಚ್ಚು: 2-3 ವರ್ಷದ ಆಸುಪಾಸು, ಮತ್ತೆ 9-10 ದಾಟಿದ ಮೇಲೆ. ಹೆಚ್ಚು ಅಪಾಯವಿರುವ ತಳಿಗಳೆಂದು ಅಮೆರಿಕದ ದಾಖಲೆಗಳು ಅಕಿತಾ, ಕೆಲವು ಟೆರಿಯರ್‌ಗಳು, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್‌ಗಳನ್ನು ಹೆಸರಿಸುತ್ತವೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಲ್ಲೂ ಕಾಣುತ್ತದೆ. ಮುಧೋಳ ನಾಯಿ ಆ ಪಟ್ಟಿಯಲ್ಲಿಲ್ಲ, ಹಾಗೆಂದು ಓಡುವಾಗ ಕುಸಿದ ಮುಧೋಳವನ್ನು ಬಿಸಿಲಿನ ತಲೆಗೆ ಕಟ್ಟಿ ಕಳಿಸಬೇಡಿ. ಬಿಸಿಲು, ಹೃದಯ, ಉಣ್ಣೆಹುಳುವಿನಿಂದ ಬರುವ ಜ್ವರಗಳನ್ನೂ ನೋಡಿ, ಇದನ್ನೂ ನೋಡಿ.

ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ: ಕಾಲು ಸೋಲದೆಯೂ ಈ ರೋಗವಿರಬಹುದೇ? ಇರಬಹುದು. ಮನುಷ್ಯನ ಅನ್ನನಾಳದ ಕೆಳಭಾಗ ನಯಸ್ನಾಯು. ನಾಯಿಯದು ಮೇಲಿನಿಂದ ಕೆಳಗಿನವರೆಗೂ ಕಾಲಿನದರಂತೆ ಪಟ್ಟೆಸ್ನಾಯು, ಅಂದರೆ ಪ್ರತಿಕಾಯಗಳಿಗೆ ತೆರೆದ ಗುರಿ. ಆದ್ದರಿಂದ ಕೆಲವು ನಾಯಿಗಳಲ್ಲಿ ಅನ್ನನಾಳ ಸಡಿಲಗೊಂಡು ಹಿಗ್ಗುವ ಮೆಗಾಈಸೋಫೇಗಸ್ ಒಂದೇ ಲಕ್ಷಣ. ಮಾಲೀಕರು ವಾಂತಿ ಎನ್ನುತ್ತಾರೆ. ನೀವು ಕೇಳಬೇಕಾದದ್ದು ಇದು: ಹೊಟ್ಟೆ ಹಿಂಡಿತೇ? ಹಳದಿ ಪಿತ್ತ ಬಂತೇ? ಅಥವಾ ತಲೆ ಬಗ್ಗಿಸಿದ ಕೂಡಲೇ ತಿಂದ ರೊಟ್ಟಿ ಜೀರ್ಣವಾಗದೆ, ಉದ್ದುದ್ದಕ್ಕೆ, ಹಾಗೇ ಜಾರಿ ಬಂತೇ? ಕಡೆಯದಾದರೆ ಎದೆಯ ಎಕ್ಸ್‌ರೇ ತೆಗೆಸಿ. ಅದೇ ಫಿಲ್ಮಿನಲ್ಲಿ ಮೂರನ್ನು ಹುಡುಕಿ: ಹಿಗ್ಗಿದ ಅನ್ನನಾಳ, ಶ್ವಾಸಕೋಶಕ್ಕೆ ಆಹಾರ ಹೋಗಿ ಆಗುವ ನ್ಯುಮೋನಿಯಾ, ಹೃದಯದ ಮುಂದೆ ಥೈಮಸ್ ಗ್ರಂಥಿಯ ಗೆಡ್ಡೆ. ಈ ರೋಗದ ನಾಯಿಗಳು ಸಾಯುವುದು ಹೆಚ್ಚಾಗಿ ನ್ಯುಮೋನಿಯಾದಿಂದ.

ಇದಕ್ಕೂ ಮುಂಚೆ ಒಂದು ಎಚ್ಚರಿಕೆ. ಜೊಲ್ಲು, ನುಂಗಲಾಗದಿರುವುದು, ಬದಲಾದ ಬೊಗಳು, ನಿಶ್ಶಕ್ತಿ: ಈ ನಾಲ್ಕನ್ನೂ ರೇಬೀಸ್ ಕೂಡ ತೋರಿಸುತ್ತದೆ. ಲಸಿಕೆಯ ಕಾರ್ಡ್ ಇಲ್ಲದ ನಾಯಿಯ ಬಾಯಿಗೆ ಗಂಟಲು ನೋಡಲೆಂದು ಬರಿಗೈ ಹಾಕಬೇಡಿ. ಅಪರೂಪದ ರೋಗ ಗುರುತಿಸುವ ಉತ್ಸಾಹದಲ್ಲಿ ಇದನ್ನು ಮರೆಯುವವರಿದ್ದಾರೆ.

ಖಚಿತ ಪರೀಕ್ಷೆ ರಕ್ತದ ಪ್ರತಿಕಾಯದ್ದು. ನಾಯಿಯಲ್ಲಿ ಲೀಟರಿಗೆ 0.6 ನ್ಯಾನೊಮೋಲ್ ಮೀರಿದರೆ ರೋಗವಿದೆ ಎಂದರ್ಥ. ಪ್ರತಿಕಾಯ ತಗ್ಗಿಸಲು ಕೊಡುವ ಸ್ಟೆರಾಯ್ಡ್ ಶುರುಮಾಡುವ ಮೊದಲೇ ಸೀರಂ ತೆಗೆದಿಡಿ, ಆಮೇಲೆ ತೆಗೆದರೆ ಮಟ್ಟ ತಗ್ಗಿರಬಹುದು. ಫಲಿತಾಂಶ ಬರುವವರೆಗೆ ಕೈಕಟ್ಟಿ ಕೂರಲಾಗದು, ಹಾಗಾಗಿ ನಿಯೋಸ್ಟಿಗ್ಮಿನ್ ಚುಚ್ಚುಮದ್ದಿನಿಂದ ನೋಡುವುದುಂಟು. ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಬಿದ್ದ ನಾಯಿ ಸ್ವಲ್ಪ ಹೊತ್ತು ಎದ್ದು ನಡೆಯುತ್ತದೆ. ನಾಗರ ಕಚ್ಚಿದಾಗ ಆ್ಯಂಟಿವೆನಮ್ ಜೊತೆ ಕೊಡುವುದೂ ಇದನ್ನೇ. ನಿಯೋಸ್ಟಿಗ್ಮಿನ್ ಅತಿಯಾದರೆ ತಗ್ಗಿಸಲು ಅಟ್ರೋಪಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿರಲೇಬೇಕು. ಎದ್ದರೆ ರೋಗ ಖಚಿತವೆಂದಾಗಲಿ, ಏಳದಿದ್ದರೆ ಇಲ್ಲವೆಂದಾಗಲಿ ಬರೆಯಬೇಡಿ.

ದಿನನಿತ್ಯದ ಔಷಧಿ ಪಿರಿಡೋಸ್ಟಿಗ್ಮಿನ್. ಕಿಲೋಗೆ 0.5ರಿಂದ 3 ಮಿ.ಗ್ರಾಂ, 8-12 ಗಂಟೆಗೊಮ್ಮೆ, ಕೆಳಗಿನ ಮಟ್ಟದಿಂದಲೇ ಶುರು. 25 ಕಿಲೋ ನಾಯಿಗೆ 60 ಮಿ.ಗ್ರಾಂ ಮಾತ್ರೆಯ ಕಾಲು ಭಾಗ ಸಾಕು. ಹೆಚ್ಚಾದರೆ ಜೊಲ್ಲು, ಭೇದಿ, ನಿಧಾನ ನಾಡಿ, ಮತ್ತೆ ನಿಶ್ಶಕ್ತಿ. ಇದನ್ನು ರೋಗ ಜೋರಾಯಿತೆಂದು ತಿಳಿದು ಇನ್ನಷ್ಟು ಕೊಟ್ಟರೆ ಕಥೆ ಮುಗಿಯಿತು. ನಮ್ಮ ಕಡೆ ಉಣ್ಣೆಗೆಂದು ಬೆಳೆಯ ಕೀಟನಾಶಕವನ್ನೇ ನೀರಿಗೆ ಬೆರೆಸಿ ನಾಯಿಗೆ ಹಚ್ಚುವವರಿದ್ದಾರೆ. ಅಂಥವುಗಳಲ್ಲಿರಬಹುದಾದ ಆರ್ಗನೋಫಾಸ್ಫೇಟ್ ತಡೆಯುವುದೂ ಅದೇ ಕಿಣ್ವವನ್ನು. ಔಷಧಿಯ ಮೇಲೆ ಅದು ಸೇರಿದರೆ ವಿಷದ ಮೇಲೆ ವಿಷ. ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಡಿ. ನ್ಯುಮೋನಿಯಾಕ್ಕೆ ಜೆಂಟಾಮೈಸಿನ್ ಬರೆಯುವ ಕೈಯನ್ನೂ ತಡೆಯಿರಿ, ಆ ಗುಂಪಿನ ಆ್ಯಂಟಿಬಯೋಟಿಕ್‌ಗಳು ನರ-ಸ್ನಾಯು ಸಂಧಿಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಸ್ಟೆರಾಯ್ಡ್ ಮೊದಲೇ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ನಿಶ್ಶಕ್ತಿ ಹೆಚ್ಚಬಹುದು, ನ್ಯುಮೋನಿಯಾ ಇದ್ದರಂತೂ ಬೇಡ.

ನನ್ನ ಮಟ್ಟಿಗೆ ನಾಯಿ ಉಳಿಯುವುದು ಮಾತ್ರೆಗಿಂತ ಹೆಚ್ಚಾಗಿ ಊಟದಿಂದ. ಅನ್ನನಾಳ ತಳ್ಳುವುದಿಲ್ಲವಾದ್ದರಿಂದ ಆಹಾರ ತೂಕದ ಬಲದಿಂದಲೇ ಇಳಿಯಬೇಕು. ನಾಯಿಯನ್ನು ಹಿಂಗಾಲಿನ ಮೇಲೆ ನೆಟ್ಟಗೆ ಕೂರಿಸಿ ತಿನ್ನಿಸಿ, ತಿಂದ ಮೇಲೂ 15-20 ನಿಮಿಷ ಹಾಗೇ ಹಿಡಿದಿರಬೇಕು. ಇದಕ್ಕೆಂದೇ ಬೇಯ್ಲಿ ಚೇರ್ (Bailey chair) ಎಂಬ ಕುರ್ಚಿಯಿದೆ. ನಮ್ಮೂರಿನ ಬಡಿಗೇರರಿಗೆ ಚಿತ್ರ ತೋರಿಸಿ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಜೋಳದ ನುಚ್ಚನ್ನು ಮೊಟ್ಟೆ, ಬೇಯಿಸಿದ ಕೋಳಿಯ ಜೊತೆ ಕಲಸಿ ಉಂಡಿ ಕಟ್ಟಿ ಕೊಟ್ಟು ನೋಡಿ, ತಡೆದುಕೊಳ್ಳದಿದ್ದರೆ ಗಂಜಿಯ ಹದಕ್ಕೆ ಇಳಿಸಿ. ಯಾವ ನಾಯಿಗೆ ಯಾವ ಹದ ಎಂಬುದನ್ನು ಮನೆಯವರೇ ಕಂಡುಕೊಳ್ಳಬೇಕು. ಸ್ವಲ್ಪಸ್ವಲ್ಪ, ದಿನಕ್ಕೆ ಮೂರು-ನಾಲ್ಕು ಸಲ, ಮಾತ್ರೆ ಹತ್ತಿದ ಹೊತ್ತಿಗೆ ಊಟ. ಕೆಮ್ಮು, ಜ್ವರ, ಏರಿದ ಉಸಿರು ಕಂಡರೆ ಅದೇ ದಿನ ಬರಬೇಕು.

2001ರ ಒಂದು ಅಧ್ಯಯನದಲ್ಲಿ 53 ನಾಯಿಗಳ ಪೈಕಿ 47 ಸರಾಸರಿ 6.4 ತಿಂಗಳಲ್ಲಿ ತಾವಾಗಿಯೇ ಗುಣವಾದವು. ನಂತರದ ಅಧ್ಯಯನಗಳಲ್ಲಿ ಪ್ರಮಾಣ ಸಾಕಷ್ಟು ಕಡಿಮೆ, ಮಾಲೀಕರಿಗೆ ಮೊದಲ ಅಂಕಿ ಮಾತ್ರ ಹೇಳಿ ಆಸೆ ಹುಟ್ಟಿಸಬೇಡಿ. ಪ್ರತಿಕಾಯದ ಮಟ್ಟ ಇಳಿಯುವುದನ್ನು ನೋಡಿಯೇ ಔಷಧಿ ತಗ್ಗಿಸಿ. ಹೆಣ್ಣು ನಾಯಿ ಸ್ಥಿರವಾದ ಮೇಲೆ ಸಂತಾನಹರಣ ಮಾಡಿಸುವುದು ಒಳ್ಳೆಯದು, ಬೆದೆ ಮತ್ತು ಗಬ್ಬ ರೋಗವನ್ನು ಕೆದಕಬಹುದು. ಲಸಿಕೆಯ ಬಳಿಕ ಮರುಕಳಿಸಿದ ವರದಿಗಳೂ ಇವೆ. ಆದರೂ ರೇಬೀಸ್ ಲಸಿಕೆ ನಮ್ಮಲ್ಲಿ ಬಿಡುವಂತಿಲ್ಲ. ರೋಗ ಹತೋಟಿಗೆ ಬಂದ ಮೇಲೆ ಅದೊಂದನ್ನೇ ಬೇರೆ ದಿನ ಕೊಟ್ಟು, ಮುಂದಿನ ಕೆಲವು ವಾರ ರೆಪ್ಪೆಯನ್ನೂ ಊಟವನ್ನೂ ಗಮನಿಸಲು ಮನೆಯವರಿಗೆ ಹೇಳಿ.