ಆಲ್ಪ್ಸ್‌ನಲ್ಲಿ ಸ್ಕೀ ವಾರ: ಮನೆಯ ಕಿರಿಯ ಮಗುವಿನಿಂದ ಲೆಕ್ಕ ಶುರು ಮಾಡಿ

ಸ್ಕೀ ರಜೆಗೆ ಊರು ಹುಡುಕುವವರು ಮೊದಲು ನೋಡುವುದು ಇಳಿಜಾರುಗಳ ಒಟ್ಟು ಉದ್ದ. ಇಲ್ಲಿ 200 ಕಿ.ಮೀ., ಅಲ್ಲಿ 600 ಕಿ.ಮೀ. ಎಂದು ಹೋಲಿಸುತ್ತಾರೆ. ಮೊದಲ ಸಲ ಹೋಗುವ ಕುಟುಂಬಕ್ಕೆ ಆ ಅಂಕಿಯಿಂದ ಏನೂ ಉಪಯೋಗವಿಲ್ಲ. ಮೊದಲ ಮೂರು ದಿನ ನೀವೂ ಮಕ್ಕಳೂ ಇರುವುದು ಹೆಚ್ಚುಕಡಿಮೆ ಸಪಾಟಾದ ಕಲಿಕೆಯ ಬಯಲಿನಲ್ಲಿ, ನೆಲಕ್ಕೆ ಹಾಸಿದ ಕನ್ವೇಯರ್ ಪಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗುವ ಜಾಗದಲ್ಲಿ. ಆದ್ದರಿಂದ ಮೊದಲು ವಿಚಾರಿಸಬೇಕಾದದ್ದು ಇಷ್ಟು: ಉಳಿಯುವ ಮನೆಯಿಂದ ಆ ಬಯಲಿಗೆ ಐದು ವರ್ಷದ ಮಗು ಸ್ಕೀ ಬೂಟು ಹಾಕಿಕೊಂಡು ಎಷ್ಟು ದೂರ ನಡೆಯಬೇಕು?

ಸ್ಕೀ ಬೂಟಿನಲ್ಲಿ ಪಾದ ಮಡಚುವುದಿಲ್ಲ. ಮುನ್ನೂರು ಮೀಟರ್ ನಡೆಯುವಷ್ಟರಲ್ಲಿ ಮಗು ಸುಸ್ತಾಗಿ ಕೂರುತ್ತದೆ. ಆಗ ಅಪ್ಪನ ಹೆಗಲ ಮೇಲೆ ಎರಡು ಜೊತೆ ಸ್ಕೀ, ಅಮ್ಮನ ಕಂಕುಳಲ್ಲಿ ಮಗು. ಪಾಠ ಶುರುವಾಗುವ ಮೊದಲೇ ಎಲ್ಲರೂ ಬೆವರಿರುತ್ತಾರೆ, ಬೆವರು ಆರುವಾಗ ಚಳಿ ಹಿಡಿಯುತ್ತದೆ. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ನ ನಿಲ್ದಾಣದಲ್ಲೇ ಸ್ಕೀ ಮತ್ತು ಬೂಟು ಇಡುವ ಬೀಗದ ಕಪಾಟು ಬಾಡಿಗೆಗೆ ಸಿಗುವ ಊರಾದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಅದಕ್ಕೆ ಕೊಡುವ ಹಣ ದಂಡವಲ್ಲ.

ಈ ದೃಷ್ಟಿಯಿಂದ ಆಸ್ಟ್ರಿಯಾದ ಟಿರೋಲ್ ಪ್ರಾಂತದ ಸರ್ಫೌಸ್ ಒಳ್ಳೆಯ ಮಾದರಿ. 1,400 ಮೀಟರ್‌ಗಿಂತ ತುಸು ಮೇಲಿರುವ ಹಳ್ಳಿ, ದಕ್ಷಿಣಕ್ಕೆ ಮುಖ ಮಾಡಿದ ಬಿಸಿಲ ತಟ್ಟು. ಊರೊಳಗೆ ಪ್ರವಾಸಿಗರ ಕಾರು ಓಡಾಡುವುದಿಲ್ಲ. ಊರಂಚಿನ ಪಾರ್ಕಿಂಗ್‌ನಿಂದ ಲಿಫ್ಟ್ ನಿಲ್ದಾಣದವರೆಗೆ ನಾಲ್ಕು ನಿಲುಗಡೆಗಳ ನೆಲದಡಿಯ ರೈಲು ಉಚಿತವಾಗಿ ಓಡುತ್ತದೆ. ಮಕ್ಕಳ ಕಲಿಕೆಗೆಂದೇ ವಿಶಾಲವಾದ ಪ್ರತ್ಯೇಕ ಜಾಗವಿದೆ. ಜ್ಯೂರಿಕ್ ಕಡೆಯಿಂದ ಬರುವವರು ರೈಲಿನಲ್ಲಿ ಲಾಂಡೆಕ್-ತ್ಸಾಮ್ಸ್‌ಗೆ ಬಂದು, ಅಲ್ಲಿಂದ ಬಸ್ಸು ಹಿಡಿಯಬಹುದು. ಸ್ಕೀ ಮಾಡದ ಅಜ್ಜಿ-ತಾತ ಜೊತೆಗಿದ್ದರೂ ಚಿಂತೆಯಿಲ್ಲ. ಹಿಮ ಒತ್ತಿ ಹದಮಾಡಿದ ನಡಿಗೆಯ ದಾರಿಗಳಿವೆ, ನಡೆಯುವವರಿಗೆ ಬೇರೆಯೇ ಲಿಫ್ಟ್ ಟಿಕೆಟ್ ಇದೆ.

ತಾರೀಖಿನ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಕ್ರಿಸ್‌ಮಸ್ ವಾರ ದುಬಾರಿ, ಮೇಲಾಗಿ ತಗ್ಗಿನ ಊರುಗಳಲ್ಲಿ ಆ ಹೊತ್ತಿಗೆ ಹಿಮ ಸಾಕಷ್ಟು ಬಿದ್ದಿರುತ್ತದೆಂಬ ಖಾತ್ರಿಯಿಲ್ಲ. ಜನವರಿ 7ರ ನಂತರದ ಎರಡು-ಮೂರು ವಾರ ದರ ಇಳಿಯುತ್ತದೆ, ಸಾಲು ಚಿಕ್ಕದು, ಆದರೆ ಚಳಿ ಕಡು, ಹಗಲು ಗಿಡ್ಡ. ಫೆಬ್ರವರಿಯಲ್ಲಿ ಫ್ರಾನ್ಸ್, ಆಸ್ಟ್ರಿಯಾ, ಬ್ರಿಟನ್ ಶಾಲೆಗಳ ರಜೆ ಒಂದರ ಹಿಂದೆ ಒಂದು ಬರುವುದರಿಂದ ಲಿಫ್ಟ್ ಮುಂದೆ ಜಾತ್ರೆ. ಚಿಕ್ಕ ಮಕ್ಕಳಿಗೆ ನಮ್ಮ ಆಯ್ಕೆ ಮಾರ್ಚ್‌ನ ಎರಡನೇ, ಮೂರನೇ ವಾರ: ಬಿಸಿಲಿದೆ, ಬೆರಳು ಮರಗಟ್ಟುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಮ ಮೆತ್ತಗಾಗಿ ಸ್ಕೀ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಬೆಳಗಿನ ಪಾಠವನ್ನೇ ಕಾಯ್ದಿರಿಸಿ. ಬೆಂಗಳೂರಿನಿಂದ ಬರುವವರಿಗೆ ಒಂದು ತೊಡಕಿದೆ. ನಮ್ಮ ಶಾಲೆಗಳಿಗೆ ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬೀಳುವ ಹೊತ್ತಿಗೆ ಇಲ್ಲಿನ ಬಹುಪಾಲು ಊರುಗಳಲ್ಲಿ ಲಿಫ್ಟ್ ನಿಲ್ಲಿಸುವ ತಯಾರಿ ನಡೆದಿರುತ್ತದೆ. ಆಗ ಹೊರಡುವುದಾದರೆ ಆಸ್ಟ್ರಿಯಾದ ಹಿಂಟರ್‌ಟುಕ್ಸ್ ಅಥವಾ ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಂಥ ಹಿಮನದಿಯಿರುವ ಊರೇ ಆಗಬೇಕು.

ಸ್ಕೀ ಶಾಲೆಯ ಗುಂಪು ಪಾಠ ಭಾನುವಾರ ಅಥವಾ ಸೋಮವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ವಾರದ ನಡುವೆ ಬಂದು ಸೇರಿದರೆ ಮಗುವಿಗೆ ಅದರ ಮಟ್ಟದ ಗುಂಪು ಸಿಗುವುದಿಲ್ಲ. ಭಾರತದಿಂದ ಬರುವವರು ಶನಿವಾರದ ಬದಲು ಗುರುವಾರವೇ ಬಂದಿಳಿಯುವುದು ಲೇಸು. ಚಳಿಗಾಲದಲ್ಲಿ ಗಡಿಯಾರದ ಅಂತರ ನಾಲ್ಕೂವರೆ ಗಂಟೆ. ಮಕ್ಕಳು ಮೊದಲೆರಡು ದಿನ ನಸುಕಿನ ಮೂರಕ್ಕೇ ಎದ್ದು, ಹತ್ತರ ಪಾಠದಲ್ಲಿ ತೂಕಡಿಸುತ್ತಾರೆ. ಐದಕ್ಕಿಂತ ಚಿಕ್ಕವರಿಗೆ ದಿನಕ್ಕೆ ಎರಡು ಗಂಟೆ ಧಾರಾಳವಾಯಿತು.

ಇಡೀ ಬೆಟ್ಟಕ್ಕೆ ಸಲ್ಲುವ ಆರು ದಿನದ ಲಿಫ್ಟ್ ಪಾಸನ್ನು ಮೊದಲ ದಿನವೇ ಕೊಳ್ಳಬೇಡಿ. ದೊಡ್ಡ ಊರುಗಳಲ್ಲಿ ವಯಸ್ಕರಿಗೆ ಅದು 300 ಯೂರೋ ದಾಟುತ್ತದೆ. ಕಲಿಕೆಯ ಬಯಲಿಗೆ ಹಲವೆಡೆ ಕಡಿಮೆ ದರದ ಟಿಕೆಟ್ ಇರುತ್ತದೆ, ಕೆಲವೆಡೆ ಅದೂ ಬೇಕಿಲ್ಲ. ನೀಲಿ ಇಳಿಜಾರಿಗೆ ಹೋಗಬಹುದೆಂದು ಶಿಕ್ಷಕರು ಹೇಳಿದ ಮೇಲೆ ಉಳಿದ ದಿನಗಳಿಗೆ ಪಾಸ್ ಮಾಡಿಸಿ. ಫ್ರಾನ್ಸ್‌ನಲ್ಲಿ ಅತಿ ಸುಲಭದ್ದು ಹಸಿರು, ಆಸ್ಟ್ರಿಯಾದಲ್ಲಿ ನೀಲಿ. ಒಂದು ದೇಶದ ಅಂದಾಜನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಇನ್ನು ಬೂಟು. ಮಕ್ಕಳ ಅಳುವಿಗೆ ಬಹುಪಾಲು ಕಾರಣ ಇದೇ. ಬೆಳೆಯುವ ಕಾಲು ಎಂದು ಒಂದು ಅಳತೆ ದೊಡ್ಡದು ತೆಗೆದುಕೊಳ್ಳುವುದು, ಬೆಚ್ಚಗಿರಲಿ ಎಂದು ಎರಡು ಕಾಲುಚೀಲ ತೊಡಿಸುವುದು, ಎರಡೂ ತಪ್ಪು. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ಎರಡು ಕಾಲುಚೀಲ ರಕ್ತ ಓಡದಂತೆ ಬಿಗಿದು ಕಾಲನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಒಂದೇ ತೆಳು ಉಣ್ಣೆಯ ಉದ್ದನೆಯ ಕಾಲುಚೀಲ ಸಾಕು, ಒಳಪ್ಯಾಂಟಿನ ತುದಿ ಬೂಟಿನೊಳಗೆ ಸಿಗಬಾರದು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ನೆಟ್ಟಗೆ ನಿಲ್ಲಿಸಿದ ಸ್ಕೀಯ ತುದಿ ಕಲಿಯುವ ಮಗುವಿನ ಎದೆಗೂ ಗದ್ದಕ್ಕೂ ನಡುವೆ ಬಂದರೆ ತಿರುಗಿಸುವುದು ಸುಲಭ. ಬಿದ್ದಾಗ ಬೂಟನ್ನು ಬಿಡುವ ಕೊಂಡಿಯನ್ನು ಅಂಗಡಿಯವರು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಅನುಭವ ನೋಡಿ ಹೊಂದಿಸುತ್ತಾರೆ. ಸಂಕೋಚದಿಂದ ತೂಕ ತಪ್ಪು ಹೇಳುವುದಾಗಲಿ, ಬಾರದ ಸ್ಕೀ ಬರುತ್ತದೆ ಎನ್ನುವುದಾಗಲಿ ಬೇಡ. ಬಿಗಿಯಾದ ಕೊಂಡಿ ಬಿಡದಿದ್ದರೆ ಪೆಟ್ಟು ಬೀಳುವುದು ಮೊಣಕಾಲಿಗೆ.

ಬಟ್ಟೆಯಲ್ಲಿ ಹತ್ತಿ ಬೇಡ, ಒದ್ದೆಯಾದರೆ ಆರುವುದಿಲ್ಲ. ಮಕ್ಕಳಿಗೆ ಐದು ಬೆರಳಿನ ಗ್ಲೌಸ್‌ಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ, ಎರಡು ಜೊತೆ ಇರಲಿ. ಹೆಲ್ಮೆಟ್ ಎಲ್ಲರಿಗೂ ಬೇಕು. ಇಟಲಿಯಲ್ಲಿ 2025ರ ನವೆಂಬರ್ 1ರಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯ. ಇತರರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಅಲ್ಲಿ 2022ರಿಂದಲೇ ಕಡ್ಡಾಯ.

ವಿಮೆಯ ಕಾಗದವನ್ನು ಸಾಲು ಸಾಲಾಗಿ ಓದಿ. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಬೇಕು. ಆದರೆ ಅದಕ್ಕೆಂದು ಕೊಳ್ಳುವ ಸಾಮಾನ್ಯ ಪಾಲಿಸಿಗಳಲ್ಲಿ ಅನೇಕವು ಚಳಿಗಾಲದ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ. ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ಇಳಿಸಿದರೆ ಬಿಲ್ಲು ಸಾವಿರಾರು ಯೂರೋ. 'ಸ್ಕೀ' ಮತ್ತು 'ಬೆಟ್ಟದ ರಕ್ಷಣಾ ವೆಚ್ಚ' ಎರಡೂ ಬರಹದಲ್ಲಿ ಇರಲೇಬೇಕು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಹೆಚ್ಚು ದಿನ ಉಳಿಯುವ ದೇಶಕ್ಕೇ ಹಾಕಬೇಕು.

ಸಸ್ಯಾಹಾರಿಗಳು ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯುವುದು ಒಳ್ಳೆಯದು. ಬೆಟ್ಟದ ಮೇಲಿನ ಹೋಟೆಲುಗಳಲ್ಲಿ ಕೇಸ್‌ಷ್ಪೆಟ್ಸ್‌ಲೆ ಎಂಬ ಚೀಸ್ ಹಾಕಿದ ಹಿಟ್ಟಿನ ತಿನಿಸು ಸಿಗುತ್ತದೆ, ಆದರೆ ದಿನಾ ಅದನ್ನೇ ತಿನ್ನಲಾಗದು. 1,800 ಮೀಟರ್ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಕುಕ್ಕರ್ ತನ್ನಿ, ಆದರೆ ಒಲೆ ಇಂಡಕ್ಷನ್ ಆಗಿದ್ದರೆ ಸಾಧಾರಣ ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ. ಅವಲಕ್ಕಿ, ರವೆ, ಸಾರಿನ ಪುಡಿ ತರಬಹುದು. ತುಪ್ಪ, ಪೇಡ ಬೇಡ, ಹೊರದೇಶದ ಹಾಲಿನ ಪದಾರ್ಥವನ್ನು ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲ.

ಲಿಫ್ಟ್ ನಿಂತ ಮೇಲೆ ಇಳಿಜಾರಿಗೆ ಕಾಲಿಡಬೇಡಿ, ಜಾರುಬಂಡಿಯನ್ನೂ ತರಬೇಡಿ. ಸಂಜೆ ಹಿಮ ಹದಮಾಡುವ ಯಂತ್ರಗಳು ಕಡಿದಾದ ಕಡೆ ಉದ್ದನೆಯ ಉಕ್ಕಿನ ಹಗ್ಗಕ್ಕೆ ಕಟ್ಟಿಕೊಂಡು ಕೆಲಸ ಮಾಡುತ್ತವೆ. ಹಿಮದಲ್ಲಿ ಹುದುಗಿದ ಹಗ್ಗ ಒಮ್ಮೆಲೇ ಬಿಗಿಯಾಗಿ ಮೇಲೇಳುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ, ತಗುಲಿದರೆ ಜೀವ ಹೋಗುತ್ತದೆ. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣಾ ಪಡೆಯ ಸಂಖ್ಯೆ 140, ಯುರೋಪಿನ ತುರ್ತು ಸಂಖ್ಯೆ 112. ಈ ಎರಡನ್ನೂ ನಿಮ್ಮ ಫೋನ್ ನಂಬರನ್ನೂ ಬರೆದ ಚೀಟಿಯೊಂದು ಪ್ರತಿ ಮಗುವಿನ ಜಾಕೆಟ್ ಜೇಬಿನಲ್ಲಿರಲಿ.