ಬಾಕಿ ಬಾಡಿಗೆ ಕಟ್ಟಿಬಿಟ್ಟರೆ ಮಳಿಗೆ ಉಳಿಯುತ್ತದೆಯೇ? ಕಲಂ 114ರ ಟಿಪ್ಪಣಿ

ವ್ಯಾಪಾರದ ಮಳಿಗೆ. ಆರು ತಿಂಗಳ ಬಾಡಿಗೆ ಬಾಕಿ. ಮಾಲೀಕ ತೆರವಿಗೆ ದಾವೆ ಹಾಕಿದ್ದಾನೆ. ವಿಚಾರಣೆಯ ದಿನ ಬಾಡಿಗೆದಾರ ಪೂರ್ತಿ ಹಣ ತಂದು ಕೋರ್ಟಿನಲ್ಲಿ ನಿಂತಿದ್ದಾನೆ. ಅವನಿಂದ ಮಳಿಗೆ ಬಿಡಿಸಬಹುದೇ? ಸ್ವತ್ತು ವರ್ಗಾವಣೆ ಕಾಯ್ದೆ, 1882 ಓದುವಾಗ ನಾನು ಬಹಳ ದಿನ ಎಡವಿದ್ದು ಇಲ್ಲೇ. ಲೀಸ್ ಯಾವ ದಾರಿಯಲ್ಲಿ ಮುಗಿಯಿತು ಎಂದು ಮೊದಲು ಕೇಳಿಕೊಂಡರೆ ಗಂಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. (ರಾಜ್ಯದ ಬಾಡಿಗೆ ಕಾಯ್ದೆಗೆ ಒಳಪಡುವ ಮಳಿಗೆಯಾದರೆ ಲೆಕ್ಕವೇ ಬೇರೆ. ಅದನ್ನು ಇಲ್ಲಿ ಬಿಟ್ಟಿದ್ದೇನೆ.)

ಮೊದಲ ದಾರಿ ಫಾರ್ಫೀಚರ್, ಅಂದರೆ ಷರತ್ತು ಮುರಿದ ಕಾರಣಕ್ಕೆ ಲೀಸ್ ಕಳೆದುಕೊಳ್ಳುವುದು. ಇದು 111(ಜಿ)ಯಲ್ಲಿದೆ. ಬಾಡಿಗೆ ತಪ್ಪಿತು ಅಂದ ಮಾತ್ರಕ್ಕೆ ಲೀಸ್ ತಾನಾಗಿ ಸಾಯುವುದಿಲ್ಲ. ಬಾಡಿಗೆ ಕೊಡದಿದ್ದರೆ ಮಾಲೀಕ ಜಾಗ ವಾಪಸ್ ಪಡೆಯಬಹುದು ಎಂಬ ಷರತ್ತು ಪತ್ರದಲ್ಲೇ ಇರಬೇಕು. ಜೊತೆಗೆ, ಲೀಸ್ ಮುಗಿಸುತ್ತಿದ್ದೇನೆ ಎಂದು ಮಾಲೀಕ ಬರಹದಲ್ಲಿ ನೋಟಿಸ್ ಕೊಡಬೇಕು.

ಈ ದಾರಿಯಲ್ಲಿ ಬಂದರೆ ಮಾತ್ರ ಕಲಂ 114ರ ಆಸರೆ ಸಿಗುತ್ತದೆ. ಬಾಡಿಗೆದಾರ ವಿಚಾರಣೆಯಲ್ಲಿ ಬಾಕಿ, ಅದರ ಬಡ್ಡಿ, ದಾವೆಯ ಪೂರ್ತಿ ಖರ್ಚು ಕೊಡಬೇಕು, ಇಲ್ಲವೇ 15 ದಿನದೊಳಗೆ ಕೊಡುತ್ತೇನೆಂದು ಕೋರ್ಟಿಗೆ ಸಾಕೆನಿಸುವ ಭದ್ರತೆ ಕೊಡಬೇಕು. ಆಗ ಕೋರ್ಟು ತೆರವಿನ ಡಿಕ್ರಿ ಬದಲು ಅವನನ್ನು ಉಳಿಸಬಹುದು. ‘ಬಹುದು’ ಅನ್ನುವುದಕ್ಕೆ ಗೆರೆ ಎಳೆದುಕೊಳ್ಳಿ, ಅದು ಹಕ್ಕಲ್ಲ. ಇದರ ಹಿಂದಿನ ವಿಚಾರ ನನಗೆ ತುಂಬಾ ಇಷ್ಟ: ಆ ಷರತ್ತು ಇರುವುದೇ ಬಾಡಿಗೆ ವಸೂಲಾಗಲಿ ಎಂದು. ಹಣ ಕೈಸೇರಿದ ಮೇಲೂ ಒಬ್ಬನ ವ್ಯಾಪಾರ ಎತ್ತಿಸುವುದು ಅತಿಯಾಯಿತು, ಅಲ್ವಾ?

ಎರಡನೇ ದಾರಿ ಕಲಂ 106ರ ನೋಟಿಸ್. ತಿಂಗಳ ಬಾಡಿಗೆಯ ಮಳಿಗೆಗೆ, ಬೇರೆ ಕರಾರು ಇಲ್ಲದಿದ್ದರೆ, 15 ದಿನದ ನೋಟಿಸ್ ಸಾಕು. ಕಾರಣ ಹೇಳಬೇಕಾಗಿಲ್ಲ. ಇಲ್ಲಿ ಫಾರ್ಫೀಚರ್ ನಡೆದೇ ಇಲ್ಲ, ಹಾಗಾಗಿ 114 ಕೂಡ ಇಲ್ಲ. ಬಾಡಿಗೆದಾರ ಪೈಸೆ ಬಿಡದೆ ಬಾಕಿ ತೀರಿಸಿದರೂ ಮಳಿಗೆ ಬಿಡಲೇಬೇಕಾಗಬಹುದು. ನೋಟಿಸಿನ ದಿನ ಕಡಿಮೆಯಾಯಿತು ಎಂಬ ವಾದವೂ ಈಗ ಸುಲಭಕ್ಕೆ ನಡೆಯುವುದಿಲ್ಲ. 2002ರ ಡಿಸೆಂಬರ್ 31ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ, ಆ 15 ದಿನ ಕಳೆದ ಮೇಲೆ ದಾವೆ ಹಾಕಿದ್ದರೆ ಆಯಿತು.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವೆ. ಐದು ವರ್ಷಕ್ಕೆ ಕರಾರು ಬರೆದು, ಖರ್ಚು ಉಳಿಸಲು ನೋಂದಣಿ ಮಾಡಿಸಿಲ್ಲ ಅಂದುಕೊಳ್ಳಿ. ಒಂದು ವರ್ಷ ಮೀರಿದ ಲೀಸ್ ನೋಂದಣಿಯಾಗಲೇಬೇಕು ಎನ್ನುತ್ತದೆ ಕಲಂ 107. ಆಗದಿದ್ದರೆ ಬಾಡಿಗೆದಾರ ಸಾಮಾನ್ಯವಾಗಿ ತಿಂಗಳ ಬಾಡಿಗೆದಾರನಷ್ಟೇ. ಐದು ವರ್ಷವೂ ಹೋಯಿತು, 114ರ ಆಸರೆಯೂ ಹೋಯಿತು. ಮಾಲೀಕ ಬಾಕಿಯ ಮಾತೇ ಎತ್ತದೆ 15 ದಿನದಲ್ಲಿ ಲೀಸ್ ಮುಗಿಸಬಹುದು. ಇಂಥ ಪ್ರಕರಣದಲ್ಲಿ ಕರಾರು ಕಂಡರೆ ಮೊದಲು ನೋಂದಣಿ ನೋಡಿ.

ಮಾಲೀಕ ಎಡವುವುದು ಕಲಂ 112ರಲ್ಲಿ. ಫಾರ್ಫೀಚರ್ ಆಗಿದೆ ಎಂದು ಗೊತ್ತಿದ್ದೂ, ಆಮೇಲಿನ ತಿಂಗಳ ಬಾಡಿಗೆ ತೆಗೆದುಕೊಂಡರೆ ಅವನು ತನ್ನ ಹಕ್ಕು ಬಿಟ್ಟುಕೊಟ್ಟಂತೆ. ‘ಆಮೇಲಿನ’ ಎಂಬುದು ಮುಖ್ಯ. ಹಳೆಯ ಬಾಕಿ ಪಡೆದರೆ ತೊಂದರೆ ಇಲ್ಲ. ಫಾರ್ಫೀಚರ್ ಕಾರಣಕ್ಕೆ ದಾವೆ ಹಾಕಿದ ಮೇಲೆ ತೆಗೆದುಕೊಂಡ ಬಾಡಿಗೆಯಿಂದಲೂ ಹಕ್ಕು ಹೋಗುವುದಿಲ್ಲ.

ಇನ್ನು ಬೀಗ. ಬಾಕಿ ಎಷ್ಟೇ ಇರಲಿ, ಮಾಲೀಕ ಸುಮ್ನೆ ಬೀಗ ಜಡಿದು ಹೊರಹಾಕುವಂತಿಲ್ಲ. ಹಾಗೆ ಮಾಡಿದರೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ ಕಲಂ 6ರ ಪ್ರಕಾರ ಬಾಡಿಗೆದಾರ 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮಾಲೀಕನ ಹಕ್ಕುಪತ್ರ ಅಡ್ಡ ಬರುವುದಿಲ್ಲ.