ಕಟ್ಟುವ ಕಿಣ್ವವೇ ಕೆಡವುತ್ತದೆ

ಅಮಾಕ್ಸಿಸಿಲಿನ್ ಎಂಬ ಪ್ರತಿಜೈವಿಕ ಔಷಧ ತಯಾರಿಸಲು ಬೇಕಾದ ಮೂಲವಸ್ತು 6-ಎಪಿಎ. ಶಿಲೀಂಧ್ರ ಹುದುಗಿಸಿ ಕೊಡುವ ಪೆನ್ಸಿಲಿನ್ ಜಿಯ ಬಾಲವನ್ನು ಕತ್ತರಿಸಿದ ಮೇಲೆ ಉಳಿಯುವ ತಿರುಳು ಅದು. ಕತ್ತರಿಸುವುದು ಹೇಳಿದಷ್ಟು ಸುಲಭವಲ್ಲ. ಬಾಲವನ್ನು ಹಿಡಿದಿರುವುದು ಅಮೈಡ್ ಬಂಧ. ಔಷಧದ ಜೀವಾಳವಾದ ಬೀಟಾ-ಲ್ಯಾಕ್ಟಮ್ ಉಂಗುರದಲ್ಲಿರುವುದೂ ಅಮೈಡ್ ಬಂಧವೇ. ಕ್ಷಾರವನ್ನೋ ಆಮ್ಲವನ್ನೋ ಸುರಿದರೆ ಮೊದಲು ಮುರಿಯುವುದು ಆ ಉಂಗುರ. ಹಾಗಾಗಿ ಹಿಂದೆ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯಲ್ಲಿ, ಡೈಕ್ಲೋರೋಮೀಥೇನ್ ದ್ರಾವಕದಲ್ಲಿ, ಫಾಸ್ಫರಸ್ ಪೆಂಟಾಕ್ಲೋರೈಡ್ ಬಳಸಿ ಬಾಲವನ್ನು ಬೇರ್ಪಡಿಸುತ್ತಿದ್ದರು. ಪೆನ್ಸಿಲಿನ್ ಜಿ ಅಸೈಲೇಸ್ ಎಂಬ ಕಿಣ್ವ ಅದೇ ಕೆಲಸವನ್ನು ಬೆಚ್ಚಗಿನ ನೀರಿನಲ್ಲಿ, ಉಂಗುರದ ತಂಟೆಗೆ ಹೋಗದೆ ಮುಗಿಸುತ್ತದೆ. ಬಾಲ ಕಳಚಿದಂತೆಲ್ಲ ಫಿನೈಲ್ ಅಸಿಟಿಕ್ ಆಮ್ಲ ಹೊರಬಂದು ಪಿಎಚ್ ಇಳಿಯುತ್ತದೆ. ಅದನ್ನು 8ರ ಬಳಿ ಹಿಡಿದಿಡಲು ಕ್ಷಾರ ತೊಟ್ಟಿಕ್ಕುತ್ತಿರುತ್ತದೆ. ಕಿಣ್ವ ಎಷ್ಟು ಚುರುಕಾಗಿದೆ ಎಂಬುದನ್ನು ನಾನು ಇಂದಿಗೂ ಮೊದಲು ಓದುವುದು ಆ ತೊಟ್ಟುಗಳ ಲಯದಲ್ಲಿಯೇ.

ತೊಡಕಿರುವುದು ಮುಂದಿನ ಹಂತದಲ್ಲಿ. ಈಗ 6-ಎಪಿಎಗೆ ಹೊಸ ಬಾಲ ಜೋಡಿಸಬೇಕು. ಇದನ್ನೂ ಅದೇ ಕಿಣ್ವ ಮಾಡಬಲ್ಲದು: ಹೊಸ ಬಾಲವಾಗುವ ಹೈಡ್ರಾಕ್ಸಿಫಿನೈಲ್ ಗ್ಲೈಸಿನ್‌ನ ಎಸ್ಟರ್ ಕೊಟ್ಟರೆ, ಅದನ್ನು ತನ್ನೊಳಗಿನ ಸೆರೀನ್ ಎಂಬ ಅಮೈನೊ ಆಮ್ಲದ ಮೇಲೆ ಹೊತ್ತುಕೊಂಡು 6-ಎಪಿಎಗೆ ದಾಟಿಸುತ್ತದೆ. ಆದರೆ ಸುತ್ತ ಇರುವುದು ನೀರು. 6-ಎಪಿಎಗಿಂತ ಮೊದಲು ನೀರಿನ ಅಣು ಬಂದರೆ ದುಬಾರಿ ಎಸ್ಟರ್ ವ್ಯರ್ಥ. ಸಿದ್ಧವಾದ ಅಮಾಕ್ಸಿಸಿಲಿನ್ನನ್ನೂ ಕಿಣ್ವ ಬಿಡುವುದಿಲ್ಲ, ಮತ್ತೆ ಸೀಳುತ್ತದೆ. ಆದ್ದರಿಂದ ಇಲ್ಲಿ ಬೆಲೆ ಬಾಳುವುದು ವೇಗವಲ್ಲ, ಕಟ್ಟಿದ್ದಕ್ಕೂ ನೀರುಪಾಲಾದದ್ದಕ್ಕೂ ಇರುವ ಅನುಪಾತ.

ಈ ಮಾತು ನನಗೆ ಮನದಟ್ಟಾದದ್ದು ಒಂದು ಸೋಲಿನಿಂದ. ಕಿಣ್ವದ ಸಾವಿರಾರು ರೂಪಾಂತರಗಳನ್ನು ಸೋಸಲು ನಾವು ಬಣ್ಣದ ಪರೀಕ್ಷೆ ಬಳಸುತ್ತಿದ್ದೆವು: ಪರ್ಯಾಯ ಅಣುವೊಂದನ್ನು ಕಿಣ್ವ ಕತ್ತರಿಸಿದರೆ ತಟ್ಟೆಯ ಗುಳಿ ಹಳದಿಯಾಗುತ್ತದೆ. ಅತಿ ಗಾಢ ಹಳದಿಯವನ್ನು ಆರಿಸಿ ರಿಯಾಕ್ಟರ್‌ಗೆ ಹಾಕಿದೆವು. ಅಮಾಕ್ಸಿಸಿಲಿನ್ ಇಳುವರಿ ಮೊದಲಿಗಿಂತ ಕುಸಿಯಿತು. ಹಳದಿ ಅಳೆದದ್ದು ಕತ್ತರಿಸುವ ಶಕ್ತಿಯನ್ನು, ನಮಗೆ ಬೇಕಿದ್ದದ್ದು ಜೋಡಿಸುವ ಶಕ್ತಿ. ಅಂದಿನಿಂದ ನಿಜವಾದ ಎಸ್ಟರ್ ಮತ್ತು ನಿಜವಾದ 6-ಎಪಿಎ ಇಟ್ಟೇ ಸೋಸುತ್ತೇವೆ. ನಿಧಾನದ ದಾರಿ, ಆದರೂ ಬೇರೆ ದಾರಿಯನ್ನು ನಾನು ಒಪ್ಪುವುದಿಲ್ಲ.

ಇ. ಕೋಲೈ ಬ್ಯಾಕ್ಟೀರಿಯಾದ ಕಿಣ್ವದಲ್ಲಿ, ಅದರ ಎರಡು ಸರಪಳಿಗಳಲ್ಲಿ ಒಂದಾದ ಬೀಟಾ ಸರಪಳಿಯ 24ನೇ ಸ್ಥಾನದ ಫಿನೈಲ್ ಅಲನೈನ್ ತೆಗೆದು ಪುಟ್ಟ ಅಲನೈನ್ ಇಟ್ಟರೆ ಆ ಅನುಪಾತ ಸುಧಾರಿಸುತ್ತದೆ. ಬದಲಾದದ್ದು ಒಂದೇ ಒಂದು ಅಮೈನೊ ಆಮ್ಲ. ಇಂಥ ಬದಲಾವಣೆಗಳನ್ನು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಹೋಗುವ ವಿಧಾನಕ್ಕಾಗಿಯೇ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಕಿಣ್ವವನ್ನು ಸಣ್ಣ ಮಣಿಗಳಿಗೆ ಅಂಟಿಸಿ ಮತ್ತೆ ಮತ್ತೆ ಬಳಸುವುದರಿಂದ, ಕಲಕುವ ಅಲಗಿಗೆ ಸಿಕ್ಕಿ ಮಣಿ ಪುಡಿಯಾಗದಂತೆಯೂ ನೋಡಿಕೊಳ್ಳಬೇಕು.

ಒಳ್ಳೆಯ ರೂಪಾಂತರ ಸಿಕ್ಕ ಮೇಲೂ ಗಡಿಯಾರದ ಮೇಲೆ ಕಣ್ಣಿಡಲೇಬೇಕು. ಅಮಾಕ್ಸಿಸಿಲಿನ್ ನೀರಿನಲ್ಲಿ ಅಷ್ಟಾಗಿ ಕರಗದು. ಹರಳಾಗಿ ಹೊರಬಿದ್ದದ್ದು ಕಿಣ್ವದ ಕೈಗೆ ಸುಲಭವಾಗಿ ಸಿಗದು. ತಿಳಿಯಾಗಿದ್ದ ದ್ರಾವಣ ಹಾಲಿನಂತೆ ಬೆಳ್ಳಗಾಗುವುದನ್ನು ಕಂಡಾಗ ಈಗಲೂ ನನಗೆ ಸಮಾಧಾನವಾಗುತ್ತದೆ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಮಾದರಿ ತೆಗೆಯುತ್ತೇವೆ. ಏರುತ್ತಿದ್ದ ಇಳುವರಿ ನಿಂತಿತು ಎಂದು ಕಂಡೊಡನೆ ಮಣಿಗಳನ್ನು ಜರಡಿಯಲ್ಲಿ ಸೋಸಿ ಬೇರೆ ಮಾಡುತ್ತೇವೆ.